ಅನಕೃ ಕಾದಂಬರಿಗಳು: ಓದು ಎಲ್ಲಿಂದ ಶುರು?

ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು, ಅಂದರೆ ಅನಕೃ, ಬರೆದ ಕಾದಂಬರಿಗಳು ನೂರಕ್ಕೂ ಹೆಚ್ಚು. ನಾಟಕ, ಸಣ್ಣಕಥೆ, ವಿಮರ್ಶೆ, ಜೀವನಚಿತ್ರಗಳನ್ನೂ ಸೇರಿಸಿದರೆ ಕನ್ನಡದಲ್ಲಿ ಅವರಷ್ಟು ಬರೆದವರು ತೀರ ವಿರಳ. ಮನೆತನದ ಊರು ಹಾಸನ ಜಿಲ್ಲೆಯ ಅರಕಲಗೂಡು. ಹುಟ್ಟಿದ್ದು ಮಾತ್ರ 1908ರ ಮೇ 9ರಂದು ಕೋಲಾರದಲ್ಲಿ. ಈ ಸೀಮೆಯ ಸಾಹಿತಿಗಳೆಂದರೆ ಮಾಲೂರು ತಾಲ್ಲೂಕಿನ ಮಾಸ್ತಿ, ಮುಳಬಾಗಿಲಿನ ಡಿ.ವಿ.ಜಿ. ಹೆಸರು ಮೊದಲು ಬರುತ್ತದೆ. ‘ಕಾದಂಬರಿ ಸಾರ್ವಭೌಮ’ ಎನಿಸಿಕೊಂಡ ಅನಕೃ ಇದೇ ಮಣ್ಣಿನಲ್ಲಿ ಹುಟ್ಟಿದವರೆಂಬುದು ಹುತ್ತೂರಿನಿಂದ ಶ್ರೀನಿವಾಸಪುರದವರೆಗೆ ಎಷ್ಟೋ ಓದುಗರಿಗೆ ಹೊಸ ಸಂಗತಿ. ಅವರನ್ನು ಓದಬೇಕೆಂದು ಹೊರಟವರಿಗೂ ಮೊದಲ ತೊಡಕು ಒಂದೇ: ಇಷ್ಟರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುವುದು?

ಇಷ್ಟೊಂದು ಕಾದಂಬರಿಗಳು ಹುಟ್ಟಿದ್ದಕ್ಕೆ ಕಾರಣಗಳಿವೆ. ಮೊದಲ ಕಾದಂಬರಿ ‘ಜೀವನಯಾತ್ರೆ’ 1934ರದು. ಆಗ ಕನ್ನಡದಲ್ಲಿ ಸಾಮಾಜಿಕ ಕಾದಂಬರಿ ಇನ್ನೂ ಎಳೆಯ ಪ್ರಕಾರ. ಅಕ್ಷರ ಕಲಿತ ಹೊಸ ತಲೆಮಾರಿಗೆ, ಅದರಲ್ಲೂ ಮನೆಯೊಳಗಿನ ಹೆಣ್ಣುಮಕ್ಕಳಿಗೆ, ತಮ್ಮ ಕಾಲದ ಬದುಕನ್ನು ತಮ್ಮ ಮಾತಿನಲ್ಲೇ ಹೇಳುವ ಪುಸ್ತಕಗಳು ಬೇಕಿದ್ದವು. ಅನಕೃ ಆ ಓದುಗರಿಗಾಗಿಯೇ ಬರೆದರು. ಬರವಣಿಗೆಯನ್ನೇ ಜೀವನೋಪಾಯ ಮಾಡಿಕೊಂಡರು. ಲೇಖನಿಯನ್ನೇ ನಂಬಿ ಸಂಸಾರ ನಡೆಸುವವರು ನಿಲ್ಲಿಸದೆ ಬರೆಯಲೇಬೇಕಿತ್ತು. 1940ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ಪ್ರಗತಿಶೀಲ ಚಳವಳಿ ರೂಪುಗೊಂಡಿತು, ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಅದರ ಪ್ರಮುಖ ಲೇಖಕರಾದರು. ಸಾಹಿತ್ಯ ಪಂಡಿತರ ಸ್ವತ್ತಾಗದೆ ಜನರ ಬಳಿಗೆ ಹೋಗಬೇಕೆಂಬುದು ಅವರ ನಿಲುವು. ಓದುಗರ ಹಸಿವು, ಸಂಸಾರದ ಹೊರೆ, ಚಳವಳಿಯ ಹುರುಪು ಈ ಮೂರೂ ಸೇರಿ ಅನಕೃ ಕಾದಂಬರಿಗಳ ರಾಶಿ ಬೆಳೆಯಿತು.

ಆದ್ದರಿಂದಲೇ ಅವುಗಳನ್ನು ಪ್ರಕಟವಾದ ಕ್ರಮದಲ್ಲಿ ಓದುವುದು ಒಳ್ಳೆಯ ದಾರಿಯಲ್ಲ. ವಸ್ತುವನ್ನು ಹಿಡಿದು ಹೋಗುವುದು ಲೇಸು, ಅದಕ್ಕೆ ತಕ್ಕ ಆರಂಭ ಕಲಾವಿದರ ಕಾದಂಬರಿಗಳು. ‘ಸಂಧ್ಯಾರಾಗ’ದಲ್ಲಿ ಸಂಗೀತವನ್ನೇ ಉಸಿರಾಗಿಸಿಕೊಂಡ ಗಾಯಕನಿದ್ದಾನೆ, ಅವನ ಸುತ್ತ ಬಿರುಕು ಬಿಡುವ ಕೂಡುಕುಟುಂಬವಿದೆ. ‘ಉದಯರಾಗ’ ಚಿತ್ರಕಾರನ ಕಥೆ. ‘ನಟಸಾರ್ವಭೌಮ’ ವೃತ್ತಿರಂಗಭೂಮಿಯ ನಟನ ಕಥೆ. ಸಂಗೀತ, ಚಿತ್ರಕಲೆ, ನಾಟಕ ಮೂರರಲ್ಲೂ ಅನಕೃ ಅವರಿಗೆ ಅಪಾರ ಒಲವು, ಕಲಾವಿದರೊಡನೆ ನಿಕಟ ಒಡನಾಟ. ‘ಕರ್ನಾಟಕದ ಕಲಾವಿದರು’ ಎಂಬ ಪುಸ್ತಕವನ್ನೂ ಬರೆದವರು ಅವರು. ಕಣ್ಣಾರೆ ಕಂಡು, ಕಿವಿಯಾರೆ ಕೇಳಿದ ಲೋಕವಾದ್ದರಿಂದ ಈ ಕಾದಂಬರಿಗಳಲ್ಲಿ ಭಾವುಕತೆಯ ಹಿಂದೆ ಅನುಭವದ ಬಲವಿದೆ. ‘ಸಂಧ್ಯಾರಾಗ’ 1966ರಲ್ಲಿ ಚಲನಚಿತ್ರವಾಯಿತು. ರಾಜ್‌ಕುಮಾರ್ ನಾಯಕ, ಜಿ.ಕೆ. ವೆಂಕಟೇಶ್ ಸಂಗೀತ, ಭೀಮಸೇನ ಜೋಶಿ ಮತ್ತು ಬಾಲಮುರಳೀಕೃಷ್ಣ ಅದಕ್ಕೆ ಹಾಡಿದರು. ಸಿನಿಮಾ ನೋಡಿದವರಿಗೆ ಕಾದಂಬರಿಯೊಳಗೆ ಹೋಗುವುದು ಇನ್ನಷ್ಟು ಸುಲಭ.

ಎರಡನೆಯ ಮೆಟ್ಟಿಲು ಸಂಸಾರದ ಕಾದಂಬರಿಗಳು: ‘ಮಂಗಳಸೂತ್ರ’, ‘ಗೃಹಲಕ್ಷ್ಮಿ’, ‘ರುಕ್ಮಿಣಿ’. ಮದುವೆ, ಹೆಣ್ಣಿನ ಸ್ಥಾನಮಾನ, ಮಧ್ಯಮ ವರ್ಗದ ಮನೆಗಳ ಒಳಜಗಳ ಇಲ್ಲಿಯ ವಸ್ತು. ಅನಕೃ ಅವರನ್ನು ಮನೆಮನೆಗೆ ಮುಟ್ಟಿಸಿದ್ದು ಈ ಬಗೆಯ ಪುಸ್ತಕಗಳೇ.

ಮೂರನೆಯದು ವಿವಾದದ ಘಟ್ಟ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ವೇಶ್ಯಾಸಮಸ್ಯೆಯನ್ನು ನೇರವಾಗಿ ಎತ್ತಿಕೊಂಡವು. ಅಶ್ಲೀಲವೆಂಬ ಆರೋಪದ ಸುರಿಮಳೆಯಾಯಿತು. ಅನಕೃ ಹಿಂದೆ ಸರಿಯದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥದ ಮೂಲಕವೇ ಉತ್ತರ ಕೊಟ್ಟರು. ಕಾದಂಬರಿಗಳನ್ನೂ ಈ ಉತ್ತರವನ್ನೂ ಒಟ್ಟಿಗೆ ಓದಿದರೆ ಆ ಕಾಲದ ಕನ್ನಡ ಸಮಾಜ ಯಾವುದಕ್ಕೆ ಬೆಚ್ಚುತ್ತಿತ್ತು, ಲೇಖಕ ಎಷ್ಟರಮಟ್ಟಿಗೆ ಎದುರು ನಿಲ್ಲಬಲ್ಲವನಾಗಿದ್ದ ಎಂಬುದು ತಿಳಿಯುತ್ತದೆ. ಇವು ಮೊದಲ ಓದಿಗಲ್ಲ. ಲೇಖಕರ ಪರಿಚಯ ಆದ ಮೇಲೆ ಓದಬೇಕಾದವು.

ಕೊನೆಯದು ಚರಿತ್ರೆ. ವಿಜಯನಗರ ಸಾಮ್ರಾಜ್ಯವನ್ನು ಕುರಿತು ಅನಕೃ ಕಾದಂಬರಿಗಳ ಒಂದು ಮಾಲೆಯನ್ನೇ ಬರೆದರು. 1960ರಲ್ಲಿ ಮಣಿಪಾಲದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ, ಆ ದಶಕದ ಕನ್ನಡ ಚಳವಳಿಯಲ್ಲಿ ಬೀದಿಗಿಳಿದು ಹೋರಾಡಿದ ಅನಕೃ ಅವರ ನಾಡಪ್ರೇಮ ಇಲ್ಲಿ ಢಾಳಾಗಿ ಕಾಣುತ್ತದೆ. ಮಾಲೆ ದೊಡ್ಡದು, ತಾಳ್ಮೆ ಬೇಡುತ್ತದೆ.

ಓದುವಾಗ ಕೆಲವು ಕೊರತೆಗಳು ಕಣ್ಣಿಗೆ ಬೀಳುತ್ತವೆ. ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ, ಆದರ್ಶ ಕೆಲವೊಮ್ಮೆ ಕಥೆಯನ್ನು ಮೀರುತ್ತದೆ, ಒಂದೇ ಬಗೆಯ ಸನ್ನಿವೇಶ ಮರುಕಳಿಸುತ್ತದೆ. ಮುಂದೆ ಬಂದ ನವ್ಯ ಪಂಥದ ಲೇಖಕರು ಇದನ್ನೇ ಎತ್ತಿ ಆಡಿದರು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕನ್ನಡಕ್ಕೆ ಕಾದಂಬರಿ ಓದುವ ಜನಸಮುದಾಯವನ್ನು ಕಟ್ಟಿಕೊಟ್ಟವರಲ್ಲಿ ಅನಕೃ ಮುಂಚೂಣಿಯವರೆಂಬುದೂ ಅಷ್ಟೇ ಸತ್ಯ. ಹೀಗಾಗಿ ಅವರ ಬರಹವೆಲ್ಲವನ್ನೂ ಓದಿ ಮುಗಿಸಬೇಕಿಲ್ಲ, ಆಯ್ದು ಓದಿದರೆ ನಷ್ಟವೂ ಇಲ್ಲ.

ಕೋಲಾರ ಜಿಲ್ಲೆಯ ಓದುಗರಿಗೆ ಇನ್ನೊಂದು ಅನುಕೂಲವಿದೆ. ಮಾಸ್ತಿಯವರ ‘ಸುಬ್ಬಣ್ಣ’ (1928) ಕೂಡ ಸಂಗೀತಗಾರನ ಕಥೆ. ಮಿತವಾದ ಮಾತಿನ ಆ ಕಿರುಕಾದಂಬರಿಯನ್ನೂ ಉಕ್ಕಿ ಹರಿಯುವ ‘ಸಂಧ್ಯಾರಾಗ’ವನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಒಂದೇ ಸೀಮೆಯಲ್ಲಿ ಹುಟ್ಟಿದ ಇಬ್ಬರು ಒಂದೇ ಕಲೆಯನ್ನು ಎಷ್ಟು ಬೇರೆಯಾಗಿ ಕಂಡರೆಂಬುದು ತಿಳಿಯುತ್ತದೆ.

ಅನಕೃ 1971ರ ಜುಲೈ 8ರಂದು ತೀರಿಕೊಂಡರು. ‘ಬರಹಗಾರನ ಬದುಕು’ ಅವರ ಆತ್ಮಕಥನ. ನಾಲ್ಕೈದು ಕಾದಂಬರಿ ಓದಿದವರು ಅದನ್ನು ತಪ್ಪದೆ ಓದಬೇಕು. ಒಂದೇ ಪುಸ್ತಕಕ್ಕೆ ಬಿಡುವಿದ್ದವರಿಗೆ ‘ಸಂಧ್ಯಾರಾಗ’ ಸಾಕು. ಎರಡಕ್ಕೆ ಬಿಡುವಿದ್ದರೆ ಜೊತೆಗೆ ‘ನಟಸಾರ್ವಭೌಮ’ ಇರಲಿ.