ದಿನಕ್ಕೊಂದು ಸೂರ್ಯ

ಕೊಡೈಕೆನಾಲಿಗೆ ಹೋದವರು ಕೆರೆಯಲ್ಲಿ ದೋಣಿ ಹತ್ತುತ್ತಾರೆ, ಕೋಕರ್ಸ್ ವಾಕ್‌ನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಚಾಕೊಲೇಟ್ ಕಟ್ಟಿಸಿಕೊಂಡು ಬೆಟ್ಟ ಇಳಿಯುತ್ತಾರೆ. 2,343 ಮೀಟರ್ ಎತ್ತರದಲ್ಲಿರುವ ಸೌರ ವೀಕ್ಷಣಾಲಯದ ಗೇಟಿನವರೆಗೆ ಹೋಗುವವರು ಕಡಿಮೆ. ಅಲ್ಲಿ ನಡೆಯುವ ಕೆಲಸವೂ ಮೇಲುನೋಟಕ್ಕೆ ಸಪ್ಪೆಯೇ. ಆಕಾಶ ತಿಳಿಯಾಗಿದ್ದರೆ ಸೂರ್ಯನ ಚಿತ್ರ ತೆಗೆಯುವುದು, ದಿನಾಂಕ ಬರೆದಿಡುವುದು, ಮಾರನೆಯ ದಿನ ಮತ್ತೆ ಅದನ್ನೇ ಮಾಡುವುದು. 1904ರಲ್ಲಿ ಹಿಡಿದ ಈ ವ್ರತ ಎರಡು ಮಹಾಯುದ್ಧಗಳನ್ನು ದಾಟಿ ಬಂದಿದೆ. ಗಾಜಿನ ಫಲಕ ಹೋಗಿ ಫಿಲ್ಮ್ ಬಂತು, ಫಿಲ್ಮ್ ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ವ್ರತ ಮಾತ್ರ ಬದಲಾಗಲಿಲ್ಲ.

ಇದರ ಮೂಲದಲ್ಲಿರುವುದು ಹಸಿವು. ನಮ್ಮ ಹಳೆ ಮೈಸೂರಿನವರು ಧಾತು ಈಶ್ವರ ಬರ ಎಂದು ನೆನೆಯುವ 1876–78ರ ಕ್ಷಾಮ ಮದರಾಸು ಪ್ರಾಂತ್ಯವನ್ನೂ ಸುಟ್ಟಿತ್ತು. ಸೂರ್ಯನ ಕಲೆಗಳಿಗೂ ಮಳೆಗೂ ನಂಟಿದೆಯೆಂದು ನಾರ್ಮನ್ ಲಾಕ್ಯರ್ ಮತ್ತು ಡಬ್ಲ್ಯು. ಡಬ್ಲ್ಯು. ಹಂಟರ್ 1877ರಲ್ಲೇ ವಾದಿಸಿದ್ದರು. ಸೂರ್ಯನನ್ನು ಓದಿದರೆ ಮುಂಗಾರನ್ನು ಮೊದಲೇ ಹೇಳಬಹುದೆಂಬ ಆಸೆ ಸರ್ಕಾರಕ್ಕೂ ಹತ್ತಿತು. 1893ರಲ್ಲಿ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಸಮಿತಿ ಕೊಡೈಕೆನಾಲನ್ನು ಆರಿಸಿತು. ಮದರಾಸಿನ ಹಳೆಯ ವೀಕ್ಷಣಾಲಯದ ಉಪಕರಣಗಳು ಬೆಟ್ಟ ಹತ್ತಿದವು, ಮಿಚಿ ಸ್ಮಿತ್ ಮೇಲ್ವಿಚಾರಕರಾದರು, 1899ರಲ್ಲಿ ಸಂಸ್ಥೆ ಆರಂಭವಾಯಿತು. ಮಳೆ ಹೇಳುವ ಆಸೆಯೇನೋ ಕೈಗೂಡಲಿಲ್ಲ. ಅದರ ನೆಪದಲ್ಲಿ ಒಂದು ಒಳ್ಳೆಯ ಕೆಲಸವಾಯಿತು.

ನನ್ನನ್ನು ಈ ಸಂಸ್ಥೆಯತ್ತ ಎಳೆದದ್ದು ಜಾನ್ ಎವರ್‌ಶೆಡ್ ಎಂಬ ಮನುಷ್ಯ. ಹೊಟ್ಟೆಪಾಡಿಗೆ ಕಂಪನಿಯೊಂದರಲ್ಲಿ ರಸಾಯನ ಪರೀಕ್ಷೆ ಮಾಡುತ್ತ, ಉಳಿದ ಹೊತ್ತಿನಲ್ಲಿ ಮನೆಯಲ್ಲೇ ಉಪಕರಣ ಕಟ್ಟಿಕೊಂಡು ಸೂರ್ಯನನ್ನು ನೋಡುತ್ತಿದ್ದ ಹವ್ಯಾಸಿ. 1896ರಲ್ಲಿ ಸೂರ್ಯಗ್ರಹಣ ನೋಡಲು ನಾರ್ವೆಗೆ ಹೋದಾಗ ಮೇರಿ ಆಕ್ವರ್ತ್ ಓರ್ ಪರಿಚಯವಾದರು. ಆಕೆಗೂ ಅದೇ ಹುಚ್ಚು. 1906ರಲ್ಲಿ ಮದುವೆಯಾಗಿ, ಮರುವರ್ಷ ಗಂಡಹೆಂಡತಿ ಕೊಡೈಕೆನಾಲಿಗೆ ಬಂದರು. ಆಗ ಎವರ್‌ಶೆಡ್‌ಗೆ ನಲವತ್ತು ದಾಟಿತ್ತು.

ಸೌರಕಲೆಗಳಲ್ಲಿ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಜಾರ್ಜ್ ಎಲೆರಿ ಹೇಲ್ 1908ರಲ್ಲಿ ತೋರಿಸಿದ್ದರು. ಕಲೆಯೆಂದರೆ ಅನಿಲದ ಸುಳಿ ಎಂಬ ಊಹೆಯೂ ಆಗ ಗಟ್ಟಿಯಾಗಿತ್ತು. ಸುಳಿಯಾದರೆ ಅನಿಲ ಸುತ್ತಬೇಕು. 1909ರ ಜನವರಿಯಲ್ಲಿ ಎವರ್‌ಶೆಡ್ ಕಲೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತ ತೆಗೆದು ನೋಡಿದರೆ ಅದರೊಳಗಿನ ರೇಖೆಗಳು ಬೇರೆಯೇ ಹೇಳಿದವು. ಕಲೆ ಸೂರ್ಯಬಿಂಬದ ನಡುವೆ ಇದ್ದಾಗ ರೇಖೆಗಳು ಅಲುಗಲಿಲ್ಲ. ಅಂಚಿನತ್ತ ಸರಿದಾಗ ಒಂದು ಕಡೆ, ಅನಿಲ ನಮ್ಮತ್ತ ಬರುವಂತೆ, ನೀಲಿಗೂ ಇನ್ನೊಂದು ಕಡೆ, ದೂರ ಸರಿಯುವಂತೆ, ಕೆಂಪಿಗೂ ಜರುಗಿದವು. ಅಂದರೆ ಅನಿಲ ಸುತ್ತುತ್ತಿಲ್ಲ. ಕಲೆಯ ಒಳಗಿನಿಂದ ಹೊರಕ್ಕೆ, ಮೇಲ್ಮೈಗೆ ಸಮಾಂತರವಾಗಿ, ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ. ಹುಡುಕಿದ್ದು ಸಿಗದಿದ್ದಾಗ ಸಿಕ್ಕಿದ್ದನ್ನು ನಂಬುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಎವರ್‌ಶೆಡ್ ಪರಿಣಾಮ ಇಂದಿಗೂ ಖಗೋಳ ಭೌತಶಾಸ್ತ್ರದ ಪಠ್ಯದಲ್ಲಿದೆ. ಮೇರಿ ಸೂರ್ಯನ ಜ್ವಾಲಾಚಾಚುಗಳ ಅಧ್ಯಯನದಲ್ಲಿ ಜೊತೆಗೂಡಿದ್ದಲ್ಲದೆ, ಡಾಂಟೆಯ ಕಾವ್ಯದ ಖಗೋಳಜ್ಞಾನದ ಮೇಲೆ 1914ರಲ್ಲಿ ಪುಸ್ತಕವನ್ನೇ ಬರೆದರು. ಆಕೆಗೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ ಎಂದೇ ನನ್ನ ಎಣಿಕೆ.

ಚಿತ್ರ ತೆಗೆಯುವ ಬಗೆಯೂ ಸ್ವಾರಸ್ಯದ್ದು. ಮಾಮೂಲಿ ಬೆಳಕಿನ ಚಿತ್ರದಲ್ಲಿ ಕಲೆಗಳು ಕಾಣುತ್ತವೆ. ಕ್ಯಾಲ್ಸಿಯಂ ಅನಿಲ ಮಾತ್ರ ಕಾಣಬೇಕಾದರೆ ನೇರಳೆ ತುದಿಯ ‘ಕೆ’ ರೇಖೆಯನ್ನಷ್ಟೇ ಹಿಡಿಯಬೇಕು. ಅದಕ್ಕೆ ಬಹುಕಾಲ ಎರಡು ಸೀಳುಗಳ ಯಂತ್ರವಿತ್ತು. ಮೊದಲ ಸೀಳು ಸೂರ್ಯನ ಒಂದು ತೆಳು ಪಟ್ಟಿಯನ್ನು ಒಳಗೆ ಬಿಡುತ್ತಿತ್ತು, ಎರಡನೆಯದು ಅದರ ರೋಹಿತದಿಂದ ‘ಕೆ’ ರೇಖೆಯೊಂದನ್ನೇ ಆಯ್ದು ಫಲಕಕ್ಕೆ ಕಳಿಸುತ್ತಿತ್ತು. ಬಾಗಿಲ ಸಂದಿಯಿಂದ ಮೆರವಣಿಗೆ ನೋಡಿದ ಹಾಗೆ, ಪಟ್ಟಿ ಪಟ್ಟಿಯಾಗಿ ಇಡೀ ಸೂರ್ಯ ಮೂಡುತ್ತಿದ್ದ. ಕಾಂತಕ್ಷೇತ್ರ ಬಲವಾಗಿರುವ ಜಾಗಗಳು ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತವೆ.

ಈ ಹೊಳಪೇ ದೂರದ ನಕ್ಷತ್ರಗಳಿಗೂ ಕೀಲಿಕೈ. ಬೇರೆ ನಕ್ಷತ್ರಗಳು ಎಷ್ಟು ದೊಡ್ಡ ದೂರದರ್ಶಕಕ್ಕೂ ಹೆಚ್ಚುಕಡಿಮೆ ಚುಕ್ಕೆಗಳೇ. ಆದರೂ ಅವುಗಳ ರೋಹಿತದಲ್ಲಿ ‘ಕೆ’ ರೇಖೆ ಇರುತ್ತದೆ. ಅದರ ನಡುವಿನ ಹೊಳಪಿನ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆಯೆಂದು ಓಲಿನ್ ವಿಲ್ಸನ್ ಮತ್ತು ವೇಣು ಬಾಪು 1957ರಲ್ಲಿ ತೋರಿಸಿದರು. ನಿಜವಾದ ಪ್ರಕಾಶ ಗೊತ್ತಾದರೆ ದೂರವೂ ಗೊತ್ತಾದಂತೆ. ಅದೇ ಬಾಪು 1960ರಲ್ಲಿ ಕೊಡೈಕೆನಾಲಿನ ನಿರ್ದೇಶಕರಾದರು. ವಿಲ್ಸನ್ 1966ರಿಂದ ಹತ್ತಾರು ನಕ್ಷತ್ರಗಳ ಇದೇ ರೇಖೆಯನ್ನು ಅಳೆಯುತ್ತ ಹೋಗಿ, ಅವುಗಳಲ್ಲಿ ಕೆಲವಕ್ಕೂ ಸೂರ್ಯನ ಹನ್ನೊಂದು ವರ್ಷದ ಆವರ್ತದಂಥ ಏರಿಳಿತ ಇರುವುದನ್ನು ಕಂಡರು. ಎಳೆಯ ನಕ್ಷತ್ರ ವೇಗವಾಗಿ ತಿರುಗುತ್ತದೆ, ಅದರ ಕ್ಯಾಲ್ಸಿಯಂ ಹೊಳಪೂ ಜೋರು. ವಯಸ್ಸಾದಂತೆ ಎರಡೂ ತಗ್ಗುತ್ತವೆಂದು ಆಂಡ್ರ್ಯೂ ಸ್ಕುಮಾನಿಚ್ 1972ರಲ್ಲಿ ಲೆಕ್ಕ ಕೊಟ್ಟರು. ನಮ್ಮ ಸೂರ್ಯ 460 ಕೋಟಿ ವರ್ಷದ ಮಧ್ಯವಯಸ್ಕ. ಹತ್ತಿರದಿಂದ ದಿನಾ ಮುಖ ನೋಡಲು ನಮಗೆ ಸಿಕ್ಕಿರುವ ನಕ್ಷತ್ರ ಇದೊಂದೇ. ಚುಕ್ಕೆಗಳ ಏರಿಳಿತಕ್ಕೆ ಅರ್ಥ ಹುಡುಕುವವರು ಕಡೆಗೆ ಬರುವುದು ಈ ಮುಖದ ಹಳೆಯ ಚಿತ್ರಗಳ ಬಳಿಗೇ.

1971ರಲ್ಲಿ ವೀಕ್ಷಣಾಲಯ ಭಾರತೀಯ ಖಭೌತ ಸಂಸ್ಥೆಯಾಗಿ ಸ್ವಾಯತ್ತತೆ ಪಡೆಯಿತು. ಮುಂದೆ ಅದರ ಕೇಂದ್ರ ಕಚೇರಿ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಕೊಡೈಕೆನಾಲ್ ಒಂದು ಶಾಖೆಯಾಯಿತು. 2023ರ ಸೆಪ್ಟೆಂಬರ್ 2ರಂದು ಹಾರಿದ ಸೌರ ಉಪಗ್ರಹ ಆದಿತ್ಯ–ಎಲ್1ರ ಮುಖ್ಯ ಉಪಕರಣವನ್ನು ಜೋಡಿಸಿದ್ದು ಇದೇ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಆ ದಿನ ಟಿ.ವಿ.ಯ ಮುಂದೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಎಂಥ ಉಪಗ್ರಹವೂ 1904ಕ್ಕೆ ಹಿಂದಿರುಗಿ ಚಿತ್ರ ತೆಗೆಯಲಾರದು. ಉಪಗ್ರಹಕ್ಕೆ ಸಿಗುವ ಹಣ, ಹೆಸರು, ಉತ್ಸಾಹಗಳಲ್ಲಿ ಒಂದು ಪಾಲು ಬೆಟ್ಟದ ಮೇಲಿನ ನಿತ್ಯದ ದುಡಿಮೆಗೂ ಸಲ್ಲಬೇಕು. ಹಳೆಯ ಫಲಕಗಳನ್ನು ಡಿಜಿಟಲ್‌ಗೆ ಇಳಿಸಿ ಜಗತ್ತಿನ ಸಂಶೋಧಕರಿಗೆ ತೆರೆದಿಟ್ಟಿರುವುದು ಸಮಾಧಾನದ ಸಂಗತಿ. ಆದರೆ ಚಿತ್ರ ತೆಗೆಯಲು ಇವತ್ತೂ ಮನುಷ್ಯರು ಬೇಕು. ಒಂದು ದಿನ ತಪ್ಪಿದರೆ ಆ ದಿನದ ಸೂರ್ಯ ಮತ್ತೆ ಸಿಗುವುದಿಲ್ಲ.

ಆವರಣದಲ್ಲಿ ಸಾರ್ವಜನಿಕರಿಗಾಗಿ ಒಂದು ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಹೊತ್ತೇರಿದರೆ ಮಂಜು ಕವಿಯಬಹುದು.