ನಿಂತಲ್ಲೇ ಉರುಳುವ ಮೋಟಾರ್ ಸೈಕಲ್

ವಿಜಯನಗರದ ಯಾವುದೋ ಸಿಗ್ನಲ್ಲಿನಲ್ಲಿ ಹಸಿರು ದೀಪಕ್ಕೆ ಕಾಯುತ್ತಿರುವ ಭಾರಿ ಮೋಟಾರ್ ಸೈಕಲ್ಲೊಂದು, ಯಾರೂ ಡಿಕ್ಕಿ ಹೊಡೆಯದಿದ್ದರೂ ಮೆಲ್ಲಗೆ ವಾಲಿ ನೆಲಕ್ಕೆ ಮಲಗುವುದನ್ನು ನೀವು ನೋಡಿರಬಹುದು. ಸವಾರ ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಎರಡೂ ಕೈಗಳಿಂದ ಹಿಡಿದೂ ಇರುತ್ತಾನೆ. ಆದರೂ ತಡೆಯಲಾಗುವುದಿಲ್ಲ. ಏಕೆ?

ಎರಡು ಚಕ್ರದ ವಾಹನ ನೆಲವನ್ನು ಮುಟ್ಟುವುದು ಎರಡೇ ಕಡೆ. ಆ ಎರಡು ಬಿಂದುಗಳನ್ನು ಸೇರಿಸುವ ಗೆರೆಯ ನೇರ ಮೇಲೆ ಗುರುತ್ವ ಕೇಂದ್ರ ಇರುವಷ್ಟು ಹೊತ್ತು ಮಾತ್ರ ಸಮತೋಲ. ಅದೂ ಅಸ್ಥಿರ ಸಮತೋಲ. ಕೇಂದ್ರ ಗೆರೆಯಿಂದ ಸ್ವಲ್ಪ ಸರಿದರೆ ಗುರುತ್ವವೇ ಅದನ್ನು ಇನ್ನಷ್ಟು ಸರಿಸುತ್ತದೆ.

ಲೆಕ್ಕ ಹಾಕೋಣ. ಇಂದಿನ 350 ಸಿಸಿ ಬುಲೆಟ್ ಮಾದರಿಯ ವಾಹನದ ತೂಕ ಸುಮಾರು 195 ಕೆಜಿ. (ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಇದಕ್ಕಿಂತ ಎಷ್ಟೋ ಹಗುರ.) ಗುರುತ್ವ ಕೇಂದ್ರ ಅರ್ಧ ಮೀಟರ್, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿವೆ ಎಂದಿಟ್ಟುಕೊಳ್ಳಿ. ವಾಹನ 5 ಡಿಗ್ರಿ ವಾಲಿದಾಗ ಅದನ್ನು ತಡೆಹಿಡಿಯಲು ಹ್ಯಾಂಡಲ್ಲಿನಲ್ಲಿ ಸುಮಾರು 8.5 ಕೆಜಿ ತೂಕದಷ್ಟು ಬಲ ಸಾಕು. 10 ಡಿಗ್ರಿಗೆ 17 ಕೆಜಿ. 30 ಡಿಗ್ರಿಗೆ ಹತ್ತಿರ ಹತ್ತಿರ 49 ಕೆಜಿ, ಅಂದರೆ ಒಂದು ಸಿಮೆಂಟ್ ಮೂಟೆ!

ಇನ್ನೂ ಮುಖ್ಯವಾದುದು ಕಾಲ. ವಾಲುವಿಕೆ ಹೆಚ್ಚಿದಂತೆ ವಾಲುವ ವೇಗವೂ ಹೆಚ್ಚುತ್ತದೆ. ಯಾರೂ ತಡೆಯದಿದ್ದರೆ 1 ಡಿಗ್ರಿಯಿಂದ 10 ಡಿಗ್ರಿಗೆ ತಲುಪಲು ಸುಮಾರು 0.8 ಸೆಕೆಂಡ್ ಬೇಕು. ಅಲ್ಲಿಂದ 30 ಡಿಗ್ರಿಗೆ 0.3 ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲೇ ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಸವಾರ ಸೋಲುವುದು ಇಲ್ಲಿ.

ಹಾಗಾದರೆ ಓಡುವಾಗ ಏಕೆ ಬೀಳುವುದಿಲ್ಲ? ತಿರುಗುವ ಚಕ್ರಗಳ ಗೈರೋಸ್ಕೋಪ್ ಪರಿಣಾಮವೇ ಕಾರಣ ಎಂಬ ಉತ್ತರ ಪಾಠಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದು ಪೂರ್ಣ ಉತ್ತರವಲ್ಲ. ಆ ಪರಿಣಾಮವನ್ನು ರದ್ದುಗೊಳಿಸಿದ ಸೈಕಲ್ಲನ್ನೂ ಓಡಿಸಬಹುದೆಂದು ಡೇವಿಡ್ ಜೋನ್ಸ್ 1970ರಲ್ಲಿ ತೋರಿಸಿದರು. ಆ ಪರಿಣಾಮ ಇಲ್ಲದೆಯೂ ತಾನಾಗಿ ನೆಟ್ಟಗೆ ಸಾಗುವ ಪುಟ್ಟ ದ್ವಿಚಕ್ರಿಯ ವಿವರ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಜವಾದ ಆಸರೆ ಹ್ಯಾಂಡಲ್ ತಿರುಗುವುದರಲ್ಲಿದೆ. ವಾಹನ ವಾಲಿದ ಕಡೆಗೇ ಮುಂದಿನ ಚಕ್ರ ತಿರುಗಿದರೆ ಚಕ್ರಗಳು ಮತ್ತೆ ಗುರುತ್ವ ಕೇಂದ್ರದ ಅಡಿಗೆ ಬರುತ್ತವೆ. ಬೆರಳ ಮೇಲೆ ಕೋಲು ನಿಲ್ಲಿಸುವಾಗ ನಾವು ಕೈ ಆಡಿಸುತ್ತೇವಲ್ಲ, ಹಾಗೆ.

ಆದರೆ ಈ ಆಸರೆ ವೇಗದ ವರ್ಗಕ್ಕೆ ಅನುಪಾತೀಯ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ 3 ಮೀಟರ್ ತ್ರಿಜ್ಯದ ಬಿಗಿಯಾದ ತಿರುವಿನಲ್ಲೂ ಸುಮಾರು 4 ಡಿಗ್ರಿ ವಾಲುವಿಕೆಯನ್ನಷ್ಟೇ ಅದು ಹೊರಬಲ್ಲದು. ಹೀಗೆ ತಿರುಗುತ್ತಿರುವಾಗ ಮುಂದಿನ ಬ್ರೇಕ್ ಹಿಡಿದರೆ ಏನಾಗುತ್ತದೆ? ವೇಗ ಸೊನ್ನೆಯಾಗುತ್ತದೆ, ಆಸರೆಯೂ ಸೊನ್ನೆಯಾಗುತ್ತದೆ. ವಾಲುವಿಕೆ ಮಾತ್ರ ಉಳಿಯುತ್ತದೆ. ನಿಧಾನ ಚಾಲನೆಯಲ್ಲಿ ಹಿಂದಿನ ಬ್ರೇಕನ್ನೇ ಮೆಲ್ಲಗೆ ಬಳಸಿ, ಹ್ಯಾಂಡಲ್ ನೇರ ಮಾಡಿಕೊಂಡು ನಿಲ್ಲಿ ಎಂದು ಹೇಳುವುದು ಇದಕ್ಕೇ.

ನೆಲದ ಇಳಿಜಾರೂ ಕೈಕೊಡುತ್ತದೆ. ರಾಜಾಜಿನಗರ, ಬಸವೇಶ್ವರನಗರದ ಕಡೆ ವೃಷಭಾವತಿ ಕಣಿವೆಗೆ ಇಳಿಯುವ ರಸ್ತೆಗಳು ಹಲವು. 10 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ ಅಡ್ಡಲಾಗಿ ನಿಂತು ತಗ್ಗಿನ ಕಡೆಯ ಕಾಲು ಊರಲು ಹೋದರೆ, ಪಾದ ನೆಲ ಮುಟ್ಟುವ ಮೊದಲೇ ವಾಹನ ಐದಾರು ಡಿಗ್ರಿ ವಾಲಿರುತ್ತದೆ. ಅಲ್ಲಿ ಏರಿನ ಕಡೆಯ ಕಾಲನ್ನೇ ಊರಬೇಕು.

ಬಹಳ ವಾಲಿದ ಮೇಲೆ ಹಿಡಿದು ನಿಲ್ಲಿಸುವ ಹಟ ಬೇಡ. ಕಾಲನ್ನು ಆಚೆ ತೆಗೆದುಕೊಳ್ಳಿ. ಮೊಣಕಾಲಿಗಿಂತ ಕನ್ನಡಿ ಅಗ್ಗ. ಬಿದ್ದ ಮೇಲೆ ಮೊದಲು ಎಂಜಿನ್ ಆರಿಸಿ. ಬಲಕ್ಕೆ ಬಿದ್ದಿದ್ದರೆ ಗೇರಿಗೆ ಹಾಕಿ, ಪಕ್ಕದ ಸ್ಟ್ಯಾಂಡ್ ಬಿಚ್ಚಿಡಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲುಗಳ ಬಲದಿಂದ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಎಬ್ಬಿಸಿ. ವಾಹನವಿಲ್ಲಿ ಒಂದು ಸನ್ನೆ. ಆದ್ದರಿಂದ 60 ಡಿಗ್ರಿ ವಾಲಿ ಮಲಗಿದ್ದರೂ ಒಂದು ಮೀಟರ್ ದೂರದಲ್ಲಿ ಬೇಕಾಗುವ ಬಲ ಸುಮಾರು 84 ಕೆಜಿ ತೂಕದಷ್ಟು, 195 ಅಲ್ಲ. ಇಬ್ಬರಿದ್ದರೆ ಸುಲಭ.

ತರಗತಿಯಲ್ಲಿ ಇದನ್ನು ಒಂದು ಸೈಕಲ್, 5 ಕೆಜಿಯ ಸ್ಪ್ರಿಂಗ್ ತಕ್ಕಡಿ ಮತ್ತು ತೂಗುಗುಂಡು ಕಟ್ಟಿದ ಕೋನಮಾಪಕದಿಂದ ಪರೀಕ್ಷಿಸಬಹುದು. ಹ್ಯಾಂಡಲ್ಲನ್ನು ನೇರವಾಗಿ ಕಟ್ಟಿ, ಸೈಕಲ್ಲನ್ನು 5, 10, 15, 20 ಡಿಗ್ರಿ ವಾಲಿಸಿ, ಸೈಕಲ್ಲಿಗೆ ಲಂಬವಾಗಿ ತಕ್ಕಡಿಯಿಂದ ಎಳೆದು ಹಿಡಿದು ಬಲವನ್ನು ಬರೆದುಕೊಳ್ಳಿ. ಬಲವನ್ನು ಕೋನದ ಸೈನ್ ಬೆಲೆಗೆ ಎದುರಾಗಿ ನಕ್ಷೆ ಎಳೆದರೆ ಸರಳರೇಖೆ ಬರಬೇಕು. ಆಮೇಲೆ ಕ್ಯಾರಿಯರಿಗೆ ಪುಸ್ತಕದ ಚೀಲ ಕಟ್ಟಿ ಪ್ರಯೋಗವನ್ನು ಪುನಃ ಮಾಡಿ. ರೇಖೆ ಎಷ್ಟು ಕಡಿದಾಯಿತೆಂಬುದನ್ನು ವಿದ್ಯಾರ್ಥಿಗಳೇ ಅಳೆಯಲಿ.