ಒಂದು ಮತದ ಅಂತರವೂ ಸಮೀಕ್ಷೆಯ ಅಂಕೆಗಳೂ

ಚುನಾವಣೆ ಸಮೀಪಿಸಿತೆಂದರೆ ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ಸಮೀಕ್ಷೆಯ ಅಂಕೆಗಳು ತುಂಬಿಕೊಳ್ಳುತ್ತವೆ. ‘ಇಂಥ ಪಕ್ಷ ಮುಂದಿದೆ’ ಎಂಬ ಶೀರ್ಷಿಕೆಯನ್ನು ಓದಿದ ಮತದಾರನು ಫಲಿತಾಂಶವು ಆಗಲೇ ನಿಶ್ಚಯವಾಯಿತೆಂದು ಭಾವಿಸಿ ಮನೆಯಲ್ಲಿಯೇ ಉಳಿಯುವುದುಂಟು. ಸಮೀಕ್ಷೆಯೂ ಒಂದು ಬಗೆಯ ಅಳತೆಯೇ ಆದುದರಿಂದ, ಎಲ್ಲ ಅಳತೆಗಳಂತೆ ಅದಕ್ಕೂ ದೋಷಮಿತಿಯುಂಟು. ಅದನ್ನು ಶೀರ್ಷಿಕೆಯು ಹೇಳುವುದಿಲ್ಲ.

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಚುಕಿ ನೋಡಿದರೆ ಸಾಕೆನ್ನುತ್ತಾರೆ. ಪಾತ್ರೆಯ ತಳದಲ್ಲಿಯೂ ಮೇಲೆಯೂ ಅನ್ನವು ಒಂದೇ ಸಮನಾಗಿ ಬೆಂದಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ. ಹನೂರು ತಾಲ್ಲೂಕಿನ ಶಾಗ್ಯಕ್ಕೆ ಸಮೀಕ್ಷಕನೊಬ್ಬನು ನಡುಹಗಲಿನಲ್ಲಿ ಬಂದನೆಂದು ಕಲ್ಪಿಸೋಣ. ಬಸ್ಸು ನಿಲ್ಲುವೆಡೆಯಲ್ಲಿ ಕುಳಿತವರನ್ನಷ್ಟೇ ಅವನು ವಿಚಾರಿಸಿದರೆ, ಹೊಲಕ್ಕೆ ಹೋದ ಹೆಂಗಸರ ಅಭಿಪ್ರಾಯವಾಗಲಿ ಕೂಲಿಗೆಂದು ಊರು ಬಿಟ್ಟವರ ಅಭಿಪ್ರಾಯವಾಗಲಿ ಅವನಿಗೆ ದೊರೆಯದು. ಹೀಗೆಯೇ ಊರೂರು ತಿರುಗಿ ಹತ್ತು ಸಾವಿರ ಮಂದಿಯನ್ನು ಕೇಳಿದರೂ ಈ ದೋಷವು ನೀಗದು.

ಬ್ರಿಟನ್ನಿನ 2015ರ ಮಹಾಚುನಾವಣೆಯಲ್ಲಿ ಸಂಭವಿಸಿದುದೂ ಇಂಥದೇ. ಕನ್ಸರ್ವೇಟಿವ್ ಮತ್ತು ಲೇಬರ್ ಪಕ್ಷಗಳು ಹೆಚ್ಚುಕಡಮೆ ಸರಿಸಮವೆಂದು ಕೊನೆಯ ಸಮೀಕ್ಷೆಗಳು ಸಾರಿದುವು. ಎಣಿಕೆಯಾದಾಗ ಕನ್ಸರ್ವೇಟಿವ್ ಪಕ್ಷವು ಶೇಕಡಾ 6ಕ್ಕೂ ಮಿಕ್ಕಿ ಮುಂದಿತ್ತು. ಪ್ರಶ್ನಿಸಲು ಆರಿಸಿಕೊಂಡವರಲ್ಲಿ ಲೇಬರ್ ಬೆಂಬಲಿಗರು ತಮ್ಮ ಪ್ರಮಾಣವನ್ನು ಮೀರಿ ಸೇರಿದ್ದುದೇ ಮುಖ್ಯ ಕಾರಣವೆಂದು 2016ರಲ್ಲಿ ತಜ್ಞರ ತನಿಖೆಯು ತೀರ್ಮಾನಿಸಿತು.

ಆಯ್ಕೆಯು ನಿಷ್ಪಕ್ಷಪಾತವಾಗಿಯೇ ನಡೆಯಿತೆನ್ನಿ; ಆಗಲೂ ಆಕಸ್ಮಿಕದ ದೋಷವು ಉಳಿಯುತ್ತದೆ. ಸಾವಿರ ಜನರನ್ನು ಕೇಳಿದರೆ ಒಂದು ಪಕ್ಷದ ಮತಪ್ರಮಾಣದಲ್ಲಿ ಸುಮಾರು ಶೇಕಡಾ 3ರಷ್ಟು ಹೆಚ್ಚುಕಡಮೆಯಾಗಬಹುದು. ಇದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಜನರನ್ನು ಕೇಳಬೇಕು. ಶೇಕಡಾ 1ಕ್ಕೆ ಇಳಿಸಬೇಕಾದರೆ ಹತ್ತು ಸಾವಿರದ ಹತ್ತಿರ. ಖರ್ಚನ್ನು ವಾಚಕರೇ ಊಹಿಸಿಕೊಳ್ಳಲಿ!

ಮತಪ್ರಮಾಣವು ಸರಿಯಾಗಿ ದೊರೆತರೂ ಸ್ಥಾನಗಳ ಲೆಕ್ಕ ಬೇರೆಯೇ. ಕರ್ನಾಟಕದಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇಕಡಾ 38, ಭಾರತೀಯ ಜನತಾ ಪಕ್ಷಕ್ಕೆ ಸುಮಾರು ಶೇಕಡಾ 36 ಮತಗಳು ಬಂದುವು. ಆದರೆ 104 ಸ್ಥಾನ ಗಳಿಸಿ ಮೊದಲಿಗನಾದುದು ಎರಡನೆಯ ಪಕ್ಷ. ಮತಗಳು ಎಷ್ಟೆಂಬುದರ ಜೊತೆಗೆ ಎಲ್ಲಿ ಬಿದ್ದುವೆಂಬುದೂ ಮುಖ್ಯವಾದ್ದರಿಂದ ಹೀಗಾಗುತ್ತದೆ. ಪಕ್ಷಗಳು ತಮ್ಮ ‘ಆಂತರಿಕ ಸಮೀಕ್ಷೆ’ ಎಂದು ಹರಿಯಬಿಡುವ ಅಂಕೆಗಳಲ್ಲಿ ಸೋಲಿನ ಸುದ್ದಿಯನ್ನು ನಾವಂತೂ ಕಂಡುದು ಅಪರೂಪ.

ಶಾಗ್ಯವಿರುವ ಚಾಮರಾಜನಗರ ಜಿಲ್ಲೆಯಲ್ಲಿಯೇ, ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ, 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜನತಾದಳ (ಜಾತ್ಯತೀತ)ದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ದೊರೆತುವು. ಅಂತರ ಒಂದೇ ಮತ. ಇಬ್ಬರ ಒಟ್ಟು ಮತಗಳಲ್ಲಿ ಇದು ಶೇಕಡಾ 0.0012ರಷ್ಟು. ರಾಗಿಮೂಟೆ ತೂಗುವ ತಕ್ಕಡಿಗೆ ಒಂದು ಕಾಳಿನ ತೂಕ ಹೇಗೆ ಗೋಚರಿಸದೋ ಹಾಗೆ ಈ ಅಂತರವು ಯಾವ ಸಮೀಕ್ಷೆಗೂ ಗೋಚರಿಸದು. ಅದನ್ನು ಕಾಣಬೇಕಾದರೆ ಮತದಾರರೆಲ್ಲರನ್ನೂ ಕೇಳಬೇಕು. ಹಾಗೆ ಕೇಳುವುದಕ್ಕೇ ಚುನಾವಣೆಯೆಂದು ಹೆಸರು.

ಅದೇ ಕೃಷ್ಣಮೂರ್ತಿಯವರು 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಲ್ಲಿ ಗೆದ್ದುದು 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ಅಷ್ಟು ದೊಡ್ಡ ಅಂತರವಾದರೆ ಬಸ್ಸು ನಿಲ್ಲುವೆಡೆಯ ಸಮೀಕ್ಷಕನಿಗೂ ಕಂಡೀತು.